ಕೈ ಎತ್ತಿದ ಮೇಲಿನ ಹದಿನಾರು ವಾರ

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಟ್ಟೆ ಒಡೆದ ಮಾತ್ರಕ್ಕೆ ಬೆಳೆ ಕೈಗೆ ಬರುವುದಿಲ್ಲ. ಚಾಕಿ ಹುಳುವಿಗೆ, ಅಂದರೆ ಆಗಷ್ಟೇ ಹೊರಬಂದ ಮರಿಹುಳುವಿಗೆ, ಎಳೆ ಸೊಪ್ಪನ್ನೇ ಸಣ್ಣಗೆ ಹೆಚ್ಚಿ ಹಾಕಬೇಕು, ಪೊರೆ ಕಳಚುವ ನಾಲ್ಕು ಜ್ವರ ದಾಟಿಸಬೇಕು, ಆಮೇಲೆ ಗೂಡು. ನಮ್ಮ ಸುವಾರ್ತಾ ಕೂಟಗಳ ಲೆಕ್ಕ ಮಾತ್ರ ಯೇಸುವನ್ನು ನಂಬುತ್ತೇನೆಂದು ಎಷ್ಟು ಜನ ಕೈ ಎತ್ತಿದರು ಎಂಬಲ್ಲಿಗೇ ನಿಂತುಬಿಡುತ್ತದೆ.

ಯೇಸು ಶಿಷ್ಯರಿಗೆ ಕೊಟ್ಟ ಆಜ್ಞೆಯಿರುವ ಮತ್ತಾಯ 28:19-20ರ ಗ್ರೀಕ್ ಮೂಲದಲ್ಲಿ ಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಉಪದೇಶಿಸುವುದು ಈ ಮೂರೂ ‘ಶಿಷ್ಯರನ್ನಾಗಿ ಮಾಡಿರಿ’ ಎಂಬ ಒಂದೇ ಆಜ್ಞೆಗೆ ಕಟ್ಟಿಕೊಂಡಿವೆ. ಸಾರುವವರು ಬೇರೆ, ಬೆಳೆಸುವವರು ಬೇರೆ ಎಂದು ಸಭೆಗಳು ಕೆಲಸ ಹಂಚಿಕೊಂಡಿರುವುದು ಈ ವಾಕ್ಯಕ್ಕೆ ಒಪ್ಪುವುದಿಲ್ಲ. ಕೊರಿಂಥ ಪಟ್ಟಣದಲ್ಲಿ ಸಾರಿದ ಅಪೊಸ್ತಲ ಪೌಲನೇ ಒಂದೂವರೆ ವರ್ಷ ಅಲ್ಲಿದ್ದು ಕಲಿಸಿದ.

ಹೊಸಬರು ನಂಬಿದ ಮೊದಲ ವಾರದಲ್ಲೇ ಅವರ ಮನೆಗೆ ಹೋಗಿ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲಿನ ಹೊತ್ತು ಒಳ್ಳೆಯದು. ಮೂರು ನಾಲ್ಕು ಜನ ಸಾಕು, ಹೆಂಗಸರೊಂದಿಗೆ ಹೆಂಗಸರೇ ಕೂರಲಿ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯಗಳಿವೆ. ವಾರಕ್ಕೊಂದರಂತೆ ಅವರೊಂದಿಗೆ ಓದಿದರೆ ನಾಲ್ಕು ತಿಂಗಳು. ಓದಿದ ಮೇಲೆ ಮೂರೇ ಪ್ರಶ್ನೆ: ಯೇಸುಸ್ವಾಮಿ ಇಲ್ಲಿ ಏನು ಮಾಡಿದರು, ಏನು ಹೇಳಿದರು? ಈ ವಾರ ನಾನು ಮಾಡಬೇಕಾದ್ದೇನು? ಇದನ್ನು ಯಾರಿಗೆ ಹೇಳಲಿ?

ಕೆಡುವುದು ಎರಡನೇ ಪ್ರಶ್ನೆಯಲ್ಲಿ. ‘ಎಲ್ಲರನ್ನೂ ಪ್ರೀತಿಸಬೇಕು’ ಎಂಬಂಥ ಉತ್ತರಕ್ಕೆ ತೃಪ್ತರಾಗಬೇಡಿ. 11ನೇ ಅಧ್ಯಾಯದಲ್ಲಿ ಕ್ಷಮಿಸುವ ಮಾತು ಬಂದಾಗ, ಬದುವಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣನ ಮನೆಗೆ ಯಾವತ್ತು ಹೋಗುತ್ತೀರಿ ಅಂತ ಕೇಳಬೇಕು. ಮುಂದಿನ ವಾರ ಪುಸ್ತಕ ತೆರೆಯುವ ಮೊದಲೇ, ‘ಹೋಗಿ ಬಂದ್ರಾ?’ ಮತ್ತಾಯದ ಆ ಆಜ್ಞೆಯಲ್ಲಿರುವುದು ಬರೀ ಉಪದೇಶವಲ್ಲ, ‘ಕಾಪಾಡಿಕೊಳ್ಳುವದಕ್ಕೆ’ ಉಪದೇಶ.

ನಮ್ಮ ಜಿಲ್ಲೆಗಳಲ್ಲಿ ಭಾಷೆಯೂ ಎಡವಿಸುತ್ತದೆ. ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳ ಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು. ಶಾಲೆಯಲ್ಲಿ ಕಲಿತದ್ದು ಕನ್ನಡ. ಓದು ಕನ್ನಡದಲ್ಲಿರಲಿ, ಪ್ರಾರ್ಥನೆ ಮನೆಮಾತಿನಲ್ಲೇ ಆಗಲಿ. ಪಾಸ್ಟರ್ ಅವರ ಗ್ರಾಂಥಿಕ ಪ್ರಾರ್ಥನೆಯನ್ನೇ ಉರು ಹೊಡೆದವರು, ರಾತ್ರಿ ಮಗುವಿಗೆ ಜ್ವರ ಬಂದಾಗ ತಾವೇ ಪ್ರಾರ್ಥಿಸದೆ ಪಾಸ್ಟರ್‌ಗೆ ಫೋನ್ ಮಾಡುತ್ತಾರೆ.

ಆಸ್ಪತ್ರೆ ಖರ್ಚಿಗೋ ಮಕ್ಕಳ ಫೀಸಿಗೋ ನೆರವಾಗುವುದಾದರೆ ನಂಬಿದವರಿಗೂ ನಂಬದವರಿಗೂ ಒಂದೇ ತರ ಆಗಿ. ನಂಬಿಕೆಗೆ ಅದನ್ನು ಗಂಟು ಹಾಕಿದರೆ ಆಮಿಷವಾಗುತ್ತದೆ. ನೆರವು ನಿಂತ ದಿನ ಆ ಮನುಷ್ಯ ಬರುವುದೂ ನಿಲ್ಲುತ್ತದೆ.

‘ಯಾರಿಗೆ ಹೇಳಲಿ’ ಎಂಬ ಮೂರನೇ ಪ್ರಶ್ನೆಯನ್ನು ‘ಇನ್ನೂ ಬಲಿಯಲಿ’ ಎಂದು ಮುಂದೂಡುವ ಹಿರಿಯರಿದ್ದಾರೆ. ಐದನೇ ವಾರ ಓದುವ, ದೆವ್ವ ಬಿಟ್ಟು ಗುಣವಾದ ಗೆರಸೇನರ ಸೀಮೆಯವನನ್ನು ನೋಡಿ. ಜೊತೆಗೆ ಬರುತ್ತೇನೆಂದು ಬೇಡಿಕೊಂಡವನನ್ನು ಯೇಸು ಅದೇ ದಿನ ಮನೆಗೆ ಕಳಿಸಿದರು, ಕರ್ತನು ತನಗೆ ಮಾಡಿದ್ದನ್ನು ತನ್ನವರಿಗೆ ಹೇಳಲಿ ಅಂತ. ಹೊಸಬರಿಗೂ ಅಷ್ಟೇ ಅಳತೆ ಸಾಕು: ಸ್ವಂತ ಮನೆ, ಸ್ವಂತ ಮಾತು. ತಿಳಿಯದ್ದನ್ನು ಯಾರಾದರೂ ಕೇಳಿದರೆ ‘ಗೊತ್ತಿಲ್ಲ, ಕೇಳ್ಕೊಂಡು ಬರ್ತೀನಿ’ ಎನ್ನುವುದನ್ನೂ ಕಲಿಸಿ. ವಾದಕ್ಕೆ ಇಳಿಸಬೇಡಿ.

ಹದಿನೇಳನೇ ವಾರ ಅವರೇ ಇನ್ನೊಬ್ಬರೊಂದಿಗೆ ಮಾರ್ಕನ ಮೊದಲ ಅಧ್ಯಾಯ ತೆರೆಯಲಿ. ಹಿರಿಯರು ಪಕ್ಕದಲ್ಲಿ ಕೂತಿರಲಿ, ಕೇಳಿದರೆ ಮಾತ್ರ ಬಾಯಿ ಬಿಡಲಿ.