ವೇಗ ಜಾಸ್ತಿ ಅಂದರೆ ರಕ್ತ ಜಾಸ್ತಿ ಅಂತಲ್ಲ

ಪ್ರಶ್ನೆ: ತಲೆಯ ಡಾಪ್ಲರ್ ರಿಪೋರ್ಟಿನಲ್ಲಿ ರಕ್ತದ ವೇಗ ಸೆಕೆಂಡಿಗೆ 140 ಸೆಂಟಿಮೀಟರ್ ಅಂತ ಇದೆ. ಮಾಮೂಲಿಗಿಂತ ಜಾಸ್ತಿಯಂತೆ. ಹಾಗಾದರೆ ಮಿದುಳಿಗೆ ರಕ್ತ ಚೆನ್ನಾಗಿ ಹೋಗುತ್ತಿದೆ ಅಂತ ತಾನೇ?

ಹಾಗೇನಿಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಕಿವಿಯ ಸ್ವಲ್ಪ ಮುಂದೆ ತಲೆಬುರುಡೆ ತೆಳ್ಳಗಿರುತ್ತದೆ. ಅಲ್ಲಿ ಜೆಲ್ ಹಚ್ಚಿ, ಶಬ್ದದ ಅಲೆ ಕಳಿಸುವ ಪ್ರೋಬ್ ಇಡುತ್ತಾರೆ. ಸುಮಾರು 5 ಸೆಂಟಿಮೀಟರ್ ಒಳಗೆ ಮಿದುಳಿನ ಒಂದು ದೊಡ್ಡ ರಕ್ತನಾಳ ಸಿಗುತ್ತದೆ. ರಕ್ತಕಣಕ್ಕೆ ಬಡಿದು ವಾಪಸ್ ಬರುವ ಅಲೆಯ ಕಂಪನ ಕೊಂಚ ಬದಲಾಗಿರುತ್ತದೆ. ಅದರಿಂದ ವೇಗ ಸಿಕ್ಕಿತು. ನಾಳದ ಅಗಲ? ಅದು ಸಿಗಲಿಲ್ಲ. ಅಗಲ ಗೊತ್ತಿಲ್ಲದೆ ಎಷ್ಟು ರಕ್ತ ಹೋಯಿತು ಅಂತ ಹೇಗೆ ಹೇಳುವುದು?

ನೀರಿನ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ. ನೀರು ಜೋರಾಗಿ ಚಿಮ್ಮುತ್ತದೆ. ಬಕೆಟ್ ಬೇಗ ತುಂಬಿತಾ? ಇಲ್ಲ ಅಲ್ವಾ? ನಾಳದ ವ್ಯಾಸ ಅರ್ಧಕ್ಕೆ ಇಳಿದರೆ, ಅಷ್ಟೇ ರಕ್ತ ದಾಟಲು 4 ಪಟ್ಟು ವೇಗ ಬೇಕು. ಮಿದುಳಿನ ಸುತ್ತ ರಕ್ತಸ್ರಾವ ಆದವರಿಗೆ 4ರಿಂದ 14ನೇ ದಿನದೊಳಗೆ ನಾಳ ಬಿಗಿದುಕೊಳ್ಳುವುದುಂಟು. ಅವರಲ್ಲಿ ವೇಗ 120 ದಾಟಿದರೆ ಡಾಕ್ಟರು ಎಚ್ಚೆತ್ತುಕೊಳ್ಳುತ್ತಾರೆ, 200 ದಾಟಿದರೆ ಓಡಾಟ ಶುರು. ಖುಷಿಪಡುವವರು ಯಾರೂ ಇರುವುದಿಲ್ಲ.

ಹಾಗಂತ ಸುಮ್ನೆ ಹೆದರಲೂ ಬೇಡಿ. ರಕ್ತಹೀನತೆ ಇದ್ದರೂ ವೇಗ ಏರುತ್ತದೆ, ಆಗ ಹರಿವೇ ಜಾಸ್ತಿ. ಅದಕ್ಕೇ ಕುತ್ತಿಗೆಯ ನಾಳವನ್ನೂ ನೋಡುತ್ತಾರೆ. ತಲೆಯೊಳಗಿನ ವೇಗ ಕುತ್ತಿಗೆಯದರ 3 ಪಟ್ಟು ದಾಟಿದ್ದರೆ ನಾಳ ಕಿರಿದಾಗಿದೆ ಎಂಬ ಅನುಮಾನ. ಎರಡೂ ಕಡೆ ಒಟ್ಟಿಗೆ ಏರಿದ್ದರೆ ಕಥೆಯೇ ಬೇರೆ. ನಿಮ್ಮ 140 ಯಾವ ಜಾತಿಯದು ಅಂತ ನಿಮ್ಮನ್ನು ನೋಡಿದ ಡಾಕ್ಟರೇ ಹೇಳಬೇಕು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಯಂತ್ರದಿಂದ ಬರುವ ಆ 'ಸುಂಯ್ ಸುಂಯ್' ರಕ್ತ ಹರಿಯುವ ಸದ್ದಲ್ಲ. 1982ರಲ್ಲಿ ಈ ಪರೀಕ್ಷೆಯನ್ನು ರೂಪಿಸಿದ ರೂನೆ ಆಸ್ಲಿಡ್ ಮತ್ತು ಜೊತೆಗಾರರು ಬುರುಡೆ ದಾಟಿಸಲು ಬಳಸಿದ್ದು 2 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 20 ಲಕ್ಷ ಸಲ ಕಂಪಿಸುವ ಅಲೆ. ಅದು ಯಾರ ಕಿವಿಗೂ ಕೇಳದು. ಆದರೆ ಹೋದ ಅಲೆಗೂ ಬಂದ ಅಲೆಗೂ ಇರುವ ವ್ಯತ್ಯಾಸ, ರಕ್ತದ ವೇಗ 60 ಇದ್ದಾಗ, ಹೆಚ್ಚುಕಡಿಮೆ 1,500 ಹರ್ಟ್ಸ್. ನಮ್ಮ ಕಿವಿಗೆ ಸರಿಯಾಗಿ ಕೇಳುವ ಜಾಗಕ್ಕೇ ಬಂದು ಬಿದ್ದಿದೆ! ಯಂತ್ರ ಆ ವ್ಯತ್ಯಾಸವನ್ನೇ ಸ್ಪೀಕರಿಗೆ ಬಿಡುತ್ತದೆ. ಅರ್ಧ ನಿಮಿಷ ಉಸಿರು ಹಿಡಿಯಿರಿ ಅಂತಾರಲ್ಲ, ಆಗ ಗಮನವಿಟ್ಟು ಕೇಳಿ. ಇಂಗಾಲದ ಡೈಆಕ್ಸೈಡ್ ಏರಿ ಮಿದುಳಿನ ಸಣ್ಣ ನಾಳಗಳು ಹಿಗ್ಗುತ್ತವೆ, ಅವಕ್ಕೆ ರಕ್ತ ಕೊಡುವ ದೊಡ್ಡ ನಾಳದಲ್ಲಿ ವೇಗ ಹೆಚ್ಚಿ ಸ್ವರ ಮೇಲೇರುತ್ತದೆ. ದೊಡ್ಡ ನಾಳದ ಅಗಲ ಅಷ್ಟಾಗಿ ಬದಲಾಗದ ಕಾರಣ, ಅಲ್ಲಿ ನಿಮ್ಮ ಲೆಕ್ಕ ಸರಿ: ವೇಗವೂ ಜಾಸ್ತಿ, ರಕ್ತವೂ ಜಾಸ್ತಿ.