ಬಾನೆಟ್ಟಿನ ಮೇಲಿನ 40 ಮೈಕ್ರಾನ್

ಮಂಕಾದ ಕಾರನ್ನು ತಂದು ನಿಲ್ಲಿಸಿದವರು ನನ್ನನ್ನು ಮೊದಲು ಕೇಳುವುದು, ಯಾವ ಪಾಲಿಶ್ ಹಚ್ಚಿದರೆ ಗಾಡಿ ಹೊಸದರಂತೆ ಹೊಳೆಯುತ್ತದೆ ಎಂದು. ಉತ್ತರಿಸುವ ಮೊದಲು ನಾನು ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರನ್ನು ಬಾನೆಟ್ಟಿನ ಮೇಲಿಟ್ಟು ಅವರಿಗೇ ತೋರಿಸುತ್ತೇನೆ. ಕಾರ್ಖಾನೆಯ ಬಣ್ಣವೇ ಉಳಿದಿದ್ದರೆ ಅದು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ತುಕ್ಕು ತಡೆಯುವ ತಳಪದರ, ಪ್ರೈಮರ್, ಬಣ್ಣ ಮತ್ತು ಎಲ್ಲಕ್ಕಿಂತ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಸೇರಿ ಇಷ್ಟು. ಇದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಹೊಳಪು ಹೋಗುವುದೂ ಅಲ್ಲಿಯೇ, ಮರಳಿ ಬರಬೇಕಾದದ್ದೂ ಅಲ್ಲಿಯೇ.

ನುಣುಪಾದ ಮೇಲ್ಮೈಯಿಂದ ಬೆಳಕು ಒಂದೇ ದಿಕ್ಕಿಗೆ ಹಿಂದಿರುಗುತ್ತದೆ. ಸಾವಿರಾರು ಸಣ್ಣ ಗೀರುಗಳಿದ್ದರೆ ಅದೇ ಬೆಳಕು ದಿಕ್ಕುದಿಕ್ಕಿಗೆ ಚದುರಿ, ಬಣ್ಣ ಕಪ್ಪಾಗಿದ್ದರೂ ಬೂದಿ ಬಳಿದಂತೆ ಕಾಣುತ್ತದೆ. ಪಾಲಿಶ್ ಎಂಬುದು ಅತಿ ನಯವಾದ ಉಜ್ಜುಪುಡಿ. ಅದು ಗೀರಿನ ಅಂಚುಗಳನ್ನು ಸವೆಸಿ ಮೇಲ್ಮೈಯನ್ನು ಸಮಮಾಡುತ್ತದೆಯೇ ಹೊರತು ಮೇಲಿನಿಂದ ಏನನ್ನೂ ಸೇರಿಸುವುದಿಲ್ಲ. ಪ್ರತಿ ಸಲವೂ ಒಂದರಿಂದ ಮೂರು ಮೈಕ್ರಾನ್, ಕಾಂಪೌಂಡ್ ಎಂಬ ಒರಟು ಉಜ್ಜುಪುಡಿ ಬಳಸಿದರೆ ಇನ್ನೂ ಹೆಚ್ಚು, ಶಾಶ್ವತವಾಗಿ ಹೋಗುತ್ತದೆ. ಸೂರ್ಯನ ನೇರಳಾತೀತ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಇದೇ ಪದರವಾದ್ದರಿಂದ, ಅದನ್ನು ಅರ್ಧ ಸವೆಯುವವರೆಗೂ ಬಳಸಿಕೊಳ್ಳಬಹುದೆಂದು ಲೆಕ್ಕ ಹಾಕುವುದು ತಪ್ಪು.

ಬೆಂಗಳೂರಿನ ಕಾರುಗಳು ಮಂಕಾಗಲು ಬಿಸಿಲಿಗಿಂತ ದೊಡ್ಡ ಕಾರಣ, ನನ್ನ ಅನುಭವದಲ್ಲಿ, ಬೆಳಗಿನ ಒರೆಸಾಟ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಬಕೆಟ್ ನೀರು ಮತ್ತು ಒಂದು ಬಟ್ಟೆಯಲ್ಲಿ ಹತ್ತು ಹದಿನೈದು ಕಾರುಗಳು ಶುಚಿಯಾಗುತ್ತವೆ. ಮೊದಲ ಕಾರಿನ ದೂಳು ಕೊನೆಯ ಕಾರಿನ ಮೇಲೆ ಮರಳುಕಾಗದದ ಕೆಲಸ ಮಾಡುತ್ತದೆ. ಒರೆಸುವ ಹುಡುಗನನ್ನು ದೂರಿ ಪ್ರಯೋಜನವಿಲ್ಲ, ಅವನಿಗೆ ಕೊಟ್ಟಿರುವ ಸಮಯ ಮತ್ತು ನೀರು ಅಷ್ಟೇ. ಎರಡನೆಯದು ಬೋರ್‌ವೆಲ್ ನೀರು. ಗಡಸು ನೀರಿನ ಹನಿ ಬಿಸಿಲಿನಲ್ಲಿ ಒಣಗಿದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿ ಉಂಗುರಗಳಾಗಿ ಉಳಿದು, ಕಾಲಕ್ರಮೇಣ ಕ್ಲಿಯರ್ ಕೋಟನ್ನೇ ಕೊರೆಯುತ್ತವೆ. ರಸ್ತೆಬದಿಯ ಮಳೆಮರದ ಕೆಳಗೆ ನಿಲ್ಲಿಸಿದರೆ ಅಂಟು ಮತ್ತು ಹಕ್ಕಿಯ ಹಿಕ್ಕೆ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಸಿಮೆಂಟಿನ ಹುಡಿ, ಅದು ಇಬ್ಬನಿಯಲ್ಲಿ ನೆನೆದು ಕ್ಷಾರವಾಗಿ ಕಚ್ಚಿಕೊಳ್ಳುತ್ತದೆ. ಆಯುಧಪೂಜೆಯ ಮರುವಾರ ಬರುವ ಬಿಳಿ ಕಾರುಗಳದು ಬೇರೆಯೇ ಕಥೆ: ಅರಿಶಿನದ ಕಲೆ ಬಿಸಿಲಿಗೆ ತಾನಾಗಿ ಮಾಸುತ್ತದೆ, ಬಣ್ಣ ಬೆರೆಸಿದ ಕುಂಕುಮ ಮಾಸುವುದಿಲ್ಲ. ಪೂಜೆ ಮುಗಿದ ಸಂಜೆಯೇ ತೊಳೆದುಬಿಟ್ಟರೆ ಶಾಸ್ತ್ರಕ್ಕೂ ಲೋಪವಿಲ್ಲ, ಬಣ್ಣಕ್ಕೂ ಹಾನಿಯಿಲ್ಲ.

ಹೊಳಪು ಮರಳಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಪಾಲಿಶ್ ಮುಟ್ಟುವ ಮೊದಲೇ ಮುಗಿದಿರಬೇಕು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ದೂಳನ್ನು ಮೊದಲು ಬರಿಯ ನೀರಿನ ರಭಸದಿಂದಲೇ ಇಳಿಸಿ, ಆಮೇಲೆ ಎರಡು ಬಕೆಟ್‌ಗಳನ್ನು ಇಟ್ಟುಕೊಂಡು, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಕೈಗವಸು ಜಾಲಿಸುವ ಶುದ್ಧ ನೀರು, ಹೀಗೆ ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಒಣಗಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ಟನ್ನು ಸವರಿದರೆ, ಬರಿಗೈಗೆ ತಿಳಿಯದ ತರಿ ಬೆರಳಿಗೆ ತಿಳಿಯುತ್ತದೆ. ಆ ತರಿಯನ್ನು ಕ್ಲೇ ಬಾರ್ ಎಂಬ ಜೇಡಿಯಂತಹ ಮುದ್ದೆಯಿಂದ, ಸಾಕಷ್ಟು ಜಾರುದ್ರವ ಸಿಂಪಡಿಸುತ್ತ ತೆಗೆಯಬೇಕು. ಮುದ್ದೆ ನೆಲಕ್ಕೆ ಬಿದ್ದರೆ ಎತ್ತಿ ಬಳಸದೆ ಎಸೆಯಬೇಕು. ನೀರಿನ ಕಲೆ ಹೊಸದಾಗಿದ್ದರೆ ಬಿಳಿ ವಿನೆಗರಿಗೆ ಸಮಪಾಲು ನೀರು ಬೆರೆಸಿ ಒರೆಸಿ, ಒಣಗಲು ಬಿಡದೆ ತೊಳೆದರೆ ಸಾಕು. ಎಷ್ಟೋ ಕಾರುಗಳು ಇಷ್ಟಕ್ಕೇ ಅರ್ಧ ಚೇತರಿಸಿಕೊಳ್ಳುತ್ತವೆ, ಅಲ್ಲಿಗೇ ನಿಲ್ಲಿಸಿ ವ್ಯಾಕ್ಸ್, ಅಂದರೆ ಕಾಪಿಡುವ ಮೇಣ, ಹಚ್ಚಿ ಕಳುಹಿಸಿದ್ದೂ ಉಂಟು.

ಪಾಲಿಶ್ ಬೇಕೆಂದಾದಾಗ ಒಂದೂವರೆ ಅಡಿ ಚೌಕದಲ್ಲಿ ಮೊದಲು ಪರೀಕ್ಷಿಸುತ್ತೇನೆ, ಅದೂ ನನ್ನಲ್ಲಿರುವ ಅತಿ ನಯವಾದ ಪಾಲಿಶ್ ಮತ್ತು ಮೃದು ಫೋಮ್ ಪ್ಯಾಡಿನಿಂದ. ಅದರಿಂದ ಆಗದಿದ್ದರೆ ಮಾತ್ರ ಒಂದು ಹೆಜ್ಜೆ ಒರಟಿಗೆ. ಮನೆಯಲ್ಲಿ ಪ್ರಯತ್ನಿಸುವವರು ಒಂದೇ ಅಕ್ಷದ ಸುತ್ತ ತಿರುಗುವ ರೋಟರಿ ಯಂತ್ರವನ್ನು ಮುಟ್ಟದಿರುವುದು ಲೇಸು. ಕ್ಷಣ ಮೈಮರೆತರೆ ಅಂಚಿನ ಬಣ್ಣ ಸುಟ್ಟುಹೋಗುತ್ತದೆ. ತಿರುಗುತ್ತಲೇ ಓಲಾಡುವ ಡ್ಯುಯಲ್ ಆ್ಯಕ್ಷನ್ ಯಂತ್ರದಲ್ಲಿ ಬಿಸಿ ಕಡಿಮೆ, ಅಪಾಯವೂ ಕಡಿಮೆ. ಬಣ್ಣ ಅತಿ ತೆಳುವಾಗಿರುವುದು ಮಡಿಕೆಗಳ ಅಂಚಿನಲ್ಲಿ. ಅಲ್ಲಿಗೆ ಪೇಂಟರ್ ಟೇಪ್ ಅಂಟಿಸಿಬಿಡಬೇಕು. ಹಳೆಯ ಅಂಬಾಸಿಡರ್, ಪದ್ಮಿನಿಗಳ ಮೂಲ ಬಣ್ಣದ ಮೇಲೆ ಕ್ಲಿಯರ್ ಕೋಟ್ ಇಲ್ಲದ ಕಾರಣ ಬಟ್ಟೆಗೆ ಬಣ್ಣ ಹತ್ತುವುದು ಸಹಜ, ಗಾಬರಿ ಬೇಡ.

ಅರ್ಧ ಗಂಟೆಯಲ್ಲಿ ಮಿರಮಿರ ಮಿಂಚಿಸುವ ಅಗ್ಗದ ಪಾಲಿಶಿಂಗ್ ಬಗ್ಗೆ ಒಂದು ಮಾತು. ಅದರಲ್ಲಿ ಹಲವು ಬಾರಿ ಎಣ್ಣೆಯಂಶವು ಗೀರುಗಳಲ್ಲಿ ತುಂಬಿಕೊಂಡಿರುತ್ತದೆ. ನಾಲ್ಕು ಸಲ ತೊಳೆದರೆ ಗೀರು ಮತ್ತೆ ಹಾಜರ್. ಆ ಎಣ್ಣೆಯನ್ನು ತೆಗೆಯುವ, ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಿಸಿಲಿನಲ್ಲಿ ಅಥವಾ ಟಾರ್ಚ್ ಬೆಳಕಿನಲ್ಲಿ ನೋಡಿದರೆ ಕೆಲಸದ ನಿಜರೂಪ ತಿಳಿಯುತ್ತದೆ. ಬಣ್ಣದ ಮೇಲೆ ಗಟ್ಟಿ ಪಾರದರ್ಶಕ ಪದರವಾಗಿ ಕೂರುವ ಸೆರಾಮಿಕ್ ಲೇಪನವೂ ಅಷ್ಟೇ, ಕೆಳಗಿನ ಗೀರನ್ನು ಅಳಿಸುವುದಿಲ್ಲ. ಜಾಹೀರಾತಿನ 9ಎಚ್ ಎಂಬುದು ಪೆನ್ಸಿಲ್ ಗಡಸುತನದ ಅಳತೆಯಾಗಿದ್ದು, ಅದರಿಂದ ಕಲ್ಲೇಟು ತಪ್ಪುವುದಿಲ್ಲ, ಬೋರ್‌ವೆಲ್ ನೀರಿನ ಕಲೆಯೂ ತಪ್ಪುವುದಿಲ್ಲ.

ಇತ್ತೀಚೆಗೆ ಜಯನಗರದ ನಿವೃತ್ತ ಅಧ್ಯಾಪಕರೊಬ್ಬರು ತಮ್ಮ ಕಪ್ಪು ಕಾರನ್ನು ತಂದಿದ್ದರು. ಜೆ.ಸಿ. ರಸ್ತೆಯಲ್ಲಿ ಕೊಂಡ ರಬ್ಬಿಂಗ್ ಕಾಂಪೌಂಡಿನಿಂದ ಎರಡು ವರ್ಷ, ತಿಂಗಳಿಗೊಮ್ಮೆ, ಶ್ರದ್ಧೆಯಿಂದ ಕೈಯಾರೆ ಉಜ್ಜಿದ್ದರು. ಬಾಗಿಲುಗಳಲ್ಲಿ 118 ತೋರಿಸಿದ ಮೀಟರು ಬಾನೆಟ್ಟಿನ ನಡುವೆ 84ಕ್ಕೆ ಇಳಿಯಿತು. “ಸರ್, ಇನ್ನು ಇದನ್ನು ಉಜ್ಜುವುದು ಬೇಡ” ಎಂದೆ. ಬಾಗಿಲು, ಡಿಕ್ಕಿಗಳಿಗೆ ಪಾಲಿಶ್ ಮಾಡಿದೆವು. ಬಾನೆಟ್ಟನ್ನು ತೊಳೆದು, ಕ್ಲೇ ಮಾಡಿ, ಕಾರ್ನೌಬಾ ಎಂಬ ತಾಳೆಜಾತಿಯ ಮರದ ಎಲೆಯಿಂದ ಬರುವ ವ್ಯಾಕ್ಸ್ ಹಚ್ಚಿ ಬಿಟ್ಟೆವು. ಹತ್ತು ಅಡಿ ದೂರದಿಂದ ವ್ಯತ್ಯಾಸ ಕಾಣದು, ಹತ್ತಿರ ಹೋದರೆ ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ವ್ಯಾಕ್ಸಿಗೆ ಬರುವುದೆಂದು ಒಪ್ಪಿದ ಅವರು, ಉಳಿದಿದ್ದ ಕಾಂಪೌಂಡಿನ ಡಬ್ಬಿಯನ್ನು ಡಿಕ್ಕಿಯಿಂದ ತೆಗೆದು ನನ್ನ ಮೇಜಿನ ಮೇಲಿಟ್ಟು ಹೋದರು.