ಚಂದ್ರನನ್ನು ಬರೆಯದೆ ಬೆಳದಿಂಗಳು ಬರೆಯುವುದು

ಪ್ರಶ್ನೆ: ಜಲವರ್ಣದಲ್ಲಿ ನಾನು ಬರೆದ ಚಂದ್ರ ಹಾಳೆಗೆ ಅಂಟಿಸಿದ ಬಿಲ್ಲೆಯ ಹಾಗೆ ಕಾಣುತ್ತಾನೆ. ಜಪಾನಿನ ಮಸಿಚಿತ್ರಗಳಲ್ಲಿ ಇನ್ನೇನು ಮರೆಯಾಗಿಬಿಡುತ್ತಾನೆ ಅನ್ನಿಸುತ್ತದಲ್ಲ, ಅದು ಹೇಗೆ?

ಅಲ್ಲಿ ಚಂದ್ರನನ್ನು ಬರೆಯುವುದೇ ಇಲ್ಲ. ಸುತ್ತ ತೆಳುಮಸಿ ಬಳಿದು, ಚಂದ್ರನ ಜಾಗದಲ್ಲಿ ಬರಿ ಕಾಗದ ಉಳಿಸುತ್ತಾರೆ. ಈ ಹೊರನೆರಳಿಗೆ ‘ಸೊಟೊಗುಮ’ ಎಂದು ಹೆಸರು. ನಾವು ಅನಿತ್ಯ ಎನ್ನುವುದನ್ನು ಅವರು ‘ಮುಜೊ’ ಎನ್ನುತ್ತಾರೆ. ಚಿತ್ರದಲ್ಲಿ ಅದು ಕಾಣುವುದು ಚಂದ್ರನ ಅಂಚಿನಲ್ಲಿ. ಬಿಳಿ ಬಣ್ಣ ಹಚ್ಚಿದಿರೋ, ಅಂಚು ಸುತ್ತಲೂ ಒಂದೇ ಸಮ ಗಟ್ಟಿಯಾಗಿ ಬಿಲ್ಲೆಯಾಗುತ್ತದೆ.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಕಾಗದ ತೆಗೆದುಕೊಳ್ಳಿ. ಎ4 ಹಾಳೆಗೆ ಹತ್ತು ರೂಪಾಯಿ ನಾಣ್ಯದಷ್ಟು, ಅಂದರೆ 27 ಮಿ.ಮೀ. ಚಂದ್ರ ಸಾಕು. ಪೆನ್ಸಿಲ್ ಗೆರೆ ಕಂಡೂ ಕಾಣದಷ್ಟು ತೆಳುವಾಗಿರಲಿ. ಒಂದು ಕುಂಚದಲ್ಲಿ ನೀರಾದ ಮಸಿ, ಇನ್ನೊಂದರಲ್ಲಿ ಬರಿ ನೀರು. ಮಸಿಯನ್ನು ಅಂಚಿನ ಹೊರಗೆ ಎಳೆದ ಕೂಡಲೇ ನೀರಿನ ಕುಂಚದಿಂದ ಆಚೆಗೆ ಕರಗಿಸಿ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಲೇಪ, ಹೀಗೆ ನಾಲ್ಕೈದು. ಒಂದೇ ಸಲಕ್ಕೆ ಗಾಢ ಮಾಡಲು ಹೋದರೆ ಕಪ್ಪು ಬಳೆ ತೊಡಿಸಿದಂತಾಗುತ್ತದೆ.

ಈಗ ಮೋಡ. ಚಂದ್ರನ ಕೆಳಗಿನ ಮೂರನೇ ಒಂದು ಭಾಗಕ್ಕೆ ಅಡ್ಡಲಾಗಿ ಬರಿ ನೀರು ಸವರಿ, ಮಸಿಯನ್ನು ಹೊರತುದಿಗೆ ಮಾತ್ರ ಮುಟ್ಟಿಸಿ, ಕೈ ತೆಗೆಯಿರಿ. ಅದು ತಾನಾಗಿ ಒಳಗೆ ಹರಿಯಬೇಕು. ಅಲ್ಲಿ ಅಂಚು ಕಳೆದುಹೋಗುತ್ತದೆ, ಮೇಲೆ ಉಳಿದಿರುತ್ತದೆ. ನೀರು ನಿಂತಿದ್ದರೆ ಮಸಿ ಇಡೀ ಚಂದ್ರನನ್ನು ನುಂಗುತ್ತದೆ. ಕಾಗದ ಹೊಳೆಯುತ್ತಿರುವಾಗಲೇ ಹಿಂಡಿದ ಕುಂಚದ ತುದಿಯಿಂದ ಹೀರಿಬಿಡಿ. ಹೊಳಪು ಆರಿದ ಮೇಲೆ ಮುಟ್ಟಲೇಬೇಡಿ: ಹೊಸ ನೀರು ಮಸಿಯ ಕಣಗಳನ್ನು ತಳ್ಳಿಕೊಂಡು ಹೋಗಿ, ಹೂಕೋಸಿನಂಥ ಕಲೆ ಬೀಳುತ್ತದೆ. ಮಸಿಕಡ್ಡಿಯಿಂದ ನಿನ್ನೆ ತೇಯ್ದಿಟ್ಟ ಮಸಿಯೂ ಬೇಡ. ಅದರೊಳಗಿನ ಅಂಟು ಕೆಟ್ಟು ತರಿತರಿಯಾಗಿರುತ್ತದೆ.

ಈ ಮಬ್ಬಿನ ಕೆಲಸ ನಮಗೆ ತೀರಾ ಹೊರಗಿನದಲ್ಲ. 1903ರಲ್ಲಿ ಜಪಾನಿನ ಚಿತ್ರಕಾರ ಯೊಕೊಯಾಮಾ ತೈಕಾನ್ ಕಲ್ಕತ್ತೆಗೆ ಬಂದಾಗ ಒದ್ದೆ ಕುಂಚದಿಂದ ಬಣ್ಣ ಕರಗಿಸುವುದನ್ನು ಬಂಗಾಳದ ಚಿತ್ರಕಾರ ಅವನೀಂದ್ರನಾಥ ಠಾಕೂರರು ಕಂಡರು. ತಾವು ಚಿತ್ರವನ್ನೇ ನೀರಿನಲ್ಲಿ ಅದ್ದತೊಡಗಿದರು. ಅವರ ಶಿಷ್ಯರೇ ನಮ್ಮ ಕೆ. ವೆಂಕಟಪ್ಪ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳು ಎದುರಿಗೆ ಸಿಕ್ಕರೆ, ಮಂಜು ಬೆಟ್ಟವನ್ನು ಮುಟ್ಟುವ ಜಾಗವನ್ನು ಹತ್ತಿರದಿಂದ ನೋಡಿ, ಗೆರೆ ಎಲ್ಲಿ ಬಿಟ್ಟುಹೋಗುತ್ತದೆ ಎಂದು.